‘ಅಮೇಜಿಂಗ್ ಗ್ರೇಸ್’: ಕೃಪೆ ಎಂಬ ಮಾತಿನ ಅರ್ಥ

ಆತ್ಮೀಯ ಶ್ರೋತೃಗಳಿಗೆ ನಮಸ್ಕಾರ.

‘ಅಮೇಜಿಂಗ್ ಗ್ರೇಸ್’ ಎಂಬ ಇಂಗ್ಲಿಷ್ ಕ್ರೈಸ್ತ ಕೀರ್ತನೆಯ ರಾಗವನ್ನು ನಿಮ್ಮಲ್ಲಿ ಅನೇಕರು ಒಮ್ಮೆಯಾದರೂ ಕೇಳಿರುತ್ತೀರಿ. ಆ ರಾಗದೊಳಗಿನ ಒಂದೇ ಒಂದು ಮಾತನ್ನು ಇಂದು ನಿಮಗೆ ಮುಟ್ಟಿಸಬೇಕೆಂದಿದ್ದೇನೆ: ಕೃಪೆ ಸಂಪಾದನೆಯಲ್ಲ. ದುಡಿದವನಿಗೆ ಸಿಗುವುದು ಕೂಲಿ, ಗೆದ್ದವನಿಗೆ ಸಿಗುವುದು ಬಹುಮಾನ; ಯಾವ ಯೋಗ್ಯತೆಯೂ ಇಲ್ಲದವನಿಗೆ, ಅವನು ಕೈಚಾಚುವ ಮೊದಲೇ ದೊರೆಯುವುದು ಕೃಪೆ.

ಇದನ್ನು ಬರೆದ ಜಾನ್ ನ್ಯೂಟನ್ 1725ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ನಾವಿಕ. ನಾವಿಕರೇ ಹೇಸುವಷ್ಟು ದೇವದೂಷಣೆ ಮಾಡುತ್ತಿದ್ದವನು. 1748ರ ಮಾರ್ಚ್ ತಿಂಗಳ ಒಂದು ರಾತ್ರಿ, ಅವನಿದ್ದ ‘ಗ್ರೇಹೌಂಡ್’ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿಗೆ ಸಿಕ್ಕಿತು. ಎಚ್ಚರವಾದಾಗ ಮಲಗಿದ್ದ ಕೋಣೆಗೇ ನೀರು ನುಗ್ಗುತ್ತಿತ್ತು. ಮೇಲಕ್ಕೆ ಹತ್ತುತ್ತಿದ್ದವನನ್ನು ಕಪ್ತಾನನು ಚಾಕು ತರಲು ಹಿಂದಕ್ಕೆ ಕಳುಹಿಸಿದನು. ಅವನ ಬದಲು ಮೇಲೆ ಹೋದವನನ್ನು ಅಲೆ ಆ ಕ್ಷಣವೇ ಕೊಚ್ಚಿಕೊಂಡುಹೋಯಿತು. ಉಳಿದವರು ಬಟ್ಟೆಬರೆ, ಹಾಸಿಗೆಗಳನ್ನು ಹಡಗಿನ ಬಿರುಕುಗಳಿಗೆ ತುರುಕಿ, ಮೇಲೆ ಹಲಗೆ ಹೊಡೆದರು. ಗಂಟೆಗಟ್ಟಲೆ ನೀರೆತ್ತಿದ ನ್ಯೂಟನ್, ಇದೂ ಫಲಿಸದಿದ್ದರೆ ಕರ್ತನೇ ನಮ್ಮನ್ನು ಕರುಣಿಸಲಿ ಎಂದು ಬಾಯಿತಪ್ಪಿ ಅಂದುಬಿಟ್ಟನು. ಅಂದಮೇಲೆ ತನ್ನ ಮಾತಿಗೆ ತಾನೇ ಬೆಚ್ಚಿದನು: ನನ್ನಂಥವನಿಗೆ ಯಾವ ಕರುಣೆ? ಆ ಹಡಗು ಸುಮಾರು ನಾಲ್ಕು ವಾರಗಳ ಬಳಿಕ ಐರ್ಲೆಂಡಿನ ದಡ ಸೇರಿತು.

ದಯವಿಟ್ಟು ಗಮನಿಸಿ, ಆ ರಾತ್ರಿ ಅವನ ಲೆಕ್ಕದಲ್ಲಿ ಒಂದು ಪುಣ್ಯವೂ ಇರಲಿಲ್ಲ. ಮುಂದೆ ಇಂಗ್ಲೆಂಡಿನ ಓಲ್ನಿ ಎಂಬ ಊರಿನ ಚರ್ಚಿನ ಸಭಾಪಾಲಕನಾಗಿ, 1773ರ ಜನವರಿ 1ರ ಆರಾಧನೆಗೆಂದು ಅವನು ಈ ಕೀರ್ತನೆಯನ್ನು ರಚಿಸಿದಾಗ ಆಯ್ದುಕೊಂಡ ಬೈಬಲಿನ ವಾಕ್ಯವೂ, ‘ನಾನು ಎಷ್ಟರವನು’ ಎಂದು ಅರಸನಾದ ದಾವೀದನು ದೇವರನ್ನು ಕೇಳುವ ಮಾತೇ. ಕಳೆದುಹೋಗಿದ್ದೆ, ಈಗ ಸಿಕ್ಕಿದ್ದೇನೆ ಎನ್ನುತ್ತದೆ ಕೀರ್ತನೆ. ಕಳೆದುಹೋದ ಕುರಿ ಕುರುಬನನ್ನು ಹುಡುಕಿಕೊಂಡು ಬರಲಿಲ್ಲ. ಬೈಬಲಿನ ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯಲ್ಲಿ ಕುರುಬನೇ ಅದನ್ನು ಅರಸಿ ಹೋಗುತ್ತಾನೆ. ಕೃಪೆ ಸಂಪಾದನೆಯಲ್ಲ ಎಂದು ನಾನು ಮತ್ತೆ ಮತ್ತೆ ಹೇಳುತ್ತಿರುವುದು ಇದಕ್ಕಾಗಿಯೇ.

ಸಮಯ ಕಡಿಮೆಯಿರುವುದರಿಂದ ವಿಮೋಚನೆಯ ಕುರಿತು ಎರಡೇ ಮಾತು. ಆ ಪದ ಕೀರ್ತನೆಯಲ್ಲಿಲ್ಲ, ಅದರ ಅರ್ಥವಿದೆ. ಬೆಲೆ ತೆತ್ತು ದಾಸನನ್ನು ಬಿಡಿಸುವುದೇ ವಿಮೋಚನೆ. ಮನುಷ್ಯರಿಗೆ ಬೆಲೆ ಕಟ್ಟುವುದು ನ್ಯೂಟನ್ನನ ಕಸುಬೇ ಆಗಿತ್ತು. ಬಿರುಗಾಳಿಯ ನಂತರವೂ ಅವನು ಗುಲಾಮರ ಹಡಗುಗಳಿಗೆ ಕಪ್ತಾನನಾಗಿ ಮೂರು ಯಾನ ಮಾಡಿದನು, 1754ರಲ್ಲಿ ಆರೋಗ್ಯ ಕೆಟ್ಟು ಸಮುದ್ರಯಾನ ಬಿಟ್ಟನು. ಆ ವ್ಯಾಪಾರದಲ್ಲಿ ತನಗಿದ್ದ ಪಾಲನ್ನು ಒಪ್ಪಿಕೊಂಡು, ಅದರ ಕ್ರೌರ್ಯವನ್ನು ಕಿರುಹೊತ್ತಗೆಯಲ್ಲಿ ಬಯಲುಮಾಡಿದ್ದು 1788ರಲ್ಲಿ.

ಕೀರ್ತನೆಯ ಮೊದಲ ಚರಣದಲ್ಲಿ ಅವನು ತನ್ನನ್ನು ‘ನೀಚ’ನೆಂದು ಕರೆದುಕೊಳ್ಳುತ್ತಾನೆ. ಕೆಲವು ಕೀರ್ತನೆಯ ಪುಸ್ತಕಗಳು ಆ ಪದವನ್ನು ತೆಗೆದು ‘ಆತ್ಮ’ ಎಂಬಂಥ ಮೃದುವಾದ ಪದವನ್ನು ಹಾಕಿರುವುದು ನನಗೆ ಸರಿಯೆನಿಸುವುದಿಲ್ಲ. ಹಡಗಿನ ತಳದಲ್ಲಿ ಜನರನ್ನು ಸರಪಳಿ ತೊಡಿಸಿ ಸಾಗಿಸಿದವನು, ಅಳೆದು ತೂಗಿಯೇ ಆ ಪದವನ್ನು ಬರೆದಿದ್ದಾನೆ.

ನಮಸ್ಕಾರ.