ಹತ್ತು ಪೌಂಡಿನ ಪೊಟ್ಟಣ: ಬ್ರಿಟನ್ನಿನ ಫಿಶ್ ಅಂಡ್ ಚಿಪ್ಸ್ ಇಷ್ಟು ದುಬಾರಿ ಆಗಿದ್ದು ಯಾಕೆ?

[ದೃಶ್ಯ: ಇಂಗ್ಲೆಂಡಿನ ಉತ್ತರ ಭಾಗದ ಒಂದು ಸಣ್ಣ ಊರು. ಶುಕ್ರವಾರ ಸಂಜೆ. ಚಿಪ್ ಅಂಗಡಿಯ ಬಾಗಿಲಿನ ಹೊರಗೂ ಸಾಲು ಬಂದಿದೆ.]

ಗೋಡೆಯ ಮೇಲಿರುವ ಆ ಬೆಲೆಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ.

[ಕ್ಲೋಸಪ್: ಬೆಲೆಪಟ್ಟಿ]

'ಕಾಡ್ ಅಂಡ್ ಚಿಪ್ಸ್' ಅಂತ ಬರೆದ ಸಾಲಿನ ಕೊನೆಗೆ ಒಂದು ಬಿಳಿ ಸ್ಟಿಕ್ಕರ್ ಇದೆ. ಕಾಡ್ ಅಂದರೆ ಒಂದು ಜಾತಿಯ ಸಮುದ್ರ ಮೀನು. ಎಣ್ಣೆಯ ಹಬೆಗೆ ಅದರ ಅಂಚು ಎದ್ದಿದೆ. ಕೆಳಗೆ ಇನ್ನೊಂದು ಸ್ಟಿಕ್ಕರ್, ಅದರ ಕೆಳಗೆ ಮತ್ತೊಂದು. ಬೋರ್ಡ್ ಹಳೆಯದೇ, ಬೆಲೆ ಮಾತ್ರ ಮತ್ತೆ ಮತ್ತೆ ಬದಲಾಗಿದೆ.

ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು. ಒಂದು ಕಾಡ್ ತೊಗೊಂಡರು. ಪುಟ್ಟ ಮರದ ಫೋರ್ಕ್ ಮಾತ್ರ ಎರಡು. ಈ ವಿಡಿಯೋ ಮಾಡಬೇಕು ಅಂತ ನನಗೆ ಅನಿಸಿದ್ದು ಆಗಲೇ.

[ನಿರೂಪಕ, ಕ್ಯಾಮೆರಾ ಕಡೆಗೆ]

ನಮಸ್ಕಾರ. ಮೊದಲು ಲೆಕ್ಕ ನೋಡೋಣ. ಬ್ರಿಟನ್ನಿನ ಸರ್ಕಾರಿ ಅಂಕಿ ಅಂಶ ಕಚೇರಿ ಪ್ರಕಾರ 2019ರ ಜುಲೈನಲ್ಲಿ ಒಂದು ಪೊಟ್ಟಣ ಫಿಶ್ ಅಂಡ್ ಚಿಪ್ಸ್‌ನ ಸರಾಸರಿ ಬೆಲೆ 6 ಪೌಂಡ್ 48 ಪೆನ್ಸ್. 2024ರ ಜುಲೈ ಹೊತ್ತಿಗೆ 9 ಪೌಂಡ್ 88 ಪೆನ್ಸ್. ಐದೇ ವರ್ಷದಲ್ಲಿ ಶೇ. 52ರಷ್ಟು ಏರಿಕೆ. ಪಿಜ್ಜಾ, ಕೆಬಾಬ್ ಕೂಡ ಏರಿವೆ, ಆದರೆ ಇಷ್ಟು ಜಾಸ್ತಿ ಏರಿಲ್ಲ. ನಮ್ಮ ಲೆಕ್ಕದಲ್ಲಿ ಒಂದು ಪೊಟ್ಟಣಕ್ಕೆ ಸಾವಿರ ರೂಪಾಯಿ ದಾಟಿತು!

ಇದು ಶ್ರೀಮಂತರ ಊಟವಾಗಿದ್ದರೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕರಿದ ಮೀನನ್ನು ಲಂಡನ್ನಿಗೆ ತಂದವರು ಸ್ಪೇನ್, ಪೋರ್ಚುಗಲ್ ಬಿಟ್ಟು ಬಂದ ಯೆಹೂದಿಗಳು. 1860ರ ಆಸುಪಾಸಿನಲ್ಲಿ ಮೀನು, ಆಲೂಗಡ್ಡೆ ಎರಡನ್ನೂ ಒಟ್ಟಿಗೆ ಮಾರುವ ಅಂಗಡಿಗಳು ಶುರುವಾದವು. ಬಟ್ಟೆ ಮಿಲ್ಲಿನಲ್ಲಿ ದಿನವಿಡೀ ದುಡಿದು ಮನೆಗೆ ಹೋಗುವವರಿಗೆ ಕಾಸಿಗೆ ತಕ್ಕ ಬಿಸಿ ಊಟ, ಹೊಟ್ಟೆ ತುಂಬ. ಎರಡನೇ ಮಹಾಯುದ್ಧದಲ್ಲಿ ಮಾಂಸ, ಬೆಣ್ಣೆ, ಸಕ್ಕರೆ ಎಲ್ಲಾ ರೇಷನ್ ಆದವು. ಫಿಶ್ ಅಂಡ್ ಚಿಪ್ಸ್ ಮೇಲೆ ಮಾತ್ರ ಸರ್ಕಾರ ಕೈ ಹಾಕಲಿಲ್ಲ. ಜನರ ಧೈರ್ಯ ಕುಗ್ಗುತ್ತದೆ ಅನ್ನುವ ಭಯ.

[ದೃಶ್ಯ: ಅಂಗಡಿಯ ಒಳಗೆ. ಹಿಟ್ಟಿನಲ್ಲಿ ಅದ್ದಿದ ಮೀನು ಎಣ್ಣೆಗೆ ಇಳಿಯುತ್ತಿದೆ.]

ತಿನ್ನದವರಿಗಾಗಿ ಒಂದು ಮಾತು. ನಾವು ಚಿಪ್ಸ್ ಅಂದರೆ ಕಾಂಡಿಮೆಂಟ್ಸ್ ಅಂಗಡಿಯ ಗರಿಗರಿ ಬಿಲ್ಲೆ ಅಂದುಕೊಳ್ಳುತ್ತೇವೆ. ಇದು ಬೆರಳು ದಪ್ಪದ ಆಲೂಗಡ್ಡೆ ತುಂಡು, ಒಳಗೆ ಮೆತ್ತಗೆ. ಮೀನಿನ ಸುತ್ತ ಇರುವುದು ಮೈದಾ ಹಿಟ್ಟು. ಬಜ್ಜಿ ಹಿಟ್ಟಿಗಿಂತ ತೆಳು. ಅಂಗಡಿಯವರು ಮೀನಿನ ಬಾಲ ಹಿಡಿದು ಹಿಟ್ಟಿನಲ್ಲಿ ಅದ್ದುತ್ತಾರೆ, ಒಂದು ಸಲ ಅಂಚಿಗೆ ಒರೆಸುತ್ತಾರೆ, ಆಮೇಲೆ ನಿಧಾನಕ್ಕೆ, ತಮ್ಮ ಕಡೆಯಿಂದ ಆಚೆಗೆ ಎಣ್ಣೆಗೆ ಮಲಗಿಸುತ್ತಾರೆ. ಕೈಬಿಟ್ಟ ಕೂಡಲೇ ಮೀನು ತಳಕ್ಕೆ ಹೋಗಿ, ಎರಡು ಕ್ಷಣ ಬಿಟ್ಟು ಉಬ್ಬಿಕೊಂಡು ಮೇಲೆ ಬರುತ್ತದೆ. ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ಕೊನೆಗೆ ಉಪ್ಪು, ವಿನೆಗರ್, ಕಾಗದದ ಪೊಟ್ಟಣ. ಬಂಗುಡೆ, ಭೂತಾಯಿ ತಿಂದು ಬೆಳೆದವರಿಗೆ ಮೊದಲ ತುತ್ತು ಸಪ್ಪೆ ಅನಿಸಬಹುದು. ಎರಡನೇ ಸಲ ಹಾಗನಿಸುವುದಿಲ್ಲ, ನನ್ನ ಮಾತು ನಂಬಿ.

[ನಕ್ಷೆ: ನಾರ್ವೆ ಮತ್ತು ರಷ್ಯಾದ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರ]

ಈಗ ಮೀನಿನ ವಿಷಯ. ಸುತ್ತಲೂ ಸಮುದ್ರ ಇರುವ ದೇಶ, ಮೀನಿಗೇನು ಬರ ಅಂತ ಕೇಳಬಹುದು. ಆದರೆ ಈ ಊಟಕ್ಕೆ ಬೇಕಾದ ಕಾಡ್ ಬಹುಪಾಲು ಬರುವುದು ದೂರದ ತಣ್ಣನೆಯ ಸಮುದ್ರದಿಂದ: ಐಸ್‌ಲ್ಯಾಂಡ್, ನಾರ್ವೆ, ರಷ್ಯಾ ಕಡೆಯಿಂದ. ದೊಡ್ಡ ಹಡಗುಗಳು ಮೀನು ಹಿಡಿದು, ಸಮುದ್ರದ ಮೇಲೆಯೇ ಕತ್ತರಿಸಿ, ಕೆಲವೇ ಗಂಟೆಯಲ್ಲಿ ಫ್ರೀಜ್ ಮಾಡಿ ತರುತ್ತವೆ.

ಮೊದಲು ಹಲ್, ಗ್ರಿಮ್ಸ್‌ಬಿ ಊರುಗಳ ಬ್ರಿಟಿಷ್ ಹಡಗುಗಳೇ ಐಸ್‌ಲ್ಯಾಂಡ್ ಸುತ್ತ ಹೋಗಿ ಕಾಡ್ ಹಿಡಿಯುತ್ತಿದ್ದವು. 1975ರಲ್ಲಿ ಐಸ್‌ಲ್ಯಾಂಡ್ ತನ್ನ ದಡದಿಂದ 200 ನಾಟಿಕಲ್ ಮೈಲಿವರೆಗಿನ ಸಮುದ್ರ ತನ್ನದು ಅಂದಿತು. ಅದರ ಗಸ್ತು ಹಡಗುಗಳು ಬ್ರಿಟಿಷರ ಬಲೆಯ ಹಗ್ಗಗಳನ್ನೇ ಕತ್ತರಿಸಿದವು. ಬ್ರಿಟನ್ ನೌಕಾಪಡೆ ಕಳಿಸಿತು. ಆದರೂ 1976ರಲ್ಲಿ ಸೋತು ರಾಜಿ ಮಾಡಿಕೊಳ್ಳಬೇಕಾಯಿತು. ಇದನ್ನೇ 'ಕಾಡ್ ಯುದ್ಧ' ಅನ್ನುತ್ತಾರೆ. ಹಲ್, ಗ್ರಿಮ್ಸ್‌ಬಿಯಲ್ಲಿ ಸಾವಿರಾರು ಮನೆಗಳ ಅನ್ನಕ್ಕೆ ಕಲ್ಲು ಬಿತ್ತು. ಹಿಡಿದು ತಿನ್ನುತ್ತಿದ್ದ ಮೀನನ್ನು ಕೊಂಡು ತಿನ್ನುವ ಹಾಗಾಯಿತು.

ಕೊಂಡು ತಿನ್ನುವವನು ಮಾರುವವನ ಬೆಲೆ ಕೇಳಲೇಬೇಕು. ಬ್ಯಾರೆಂಟ್ಸ್ ಸಮುದ್ರದಲ್ಲಿ ವರ್ಷಕ್ಕೆ ಎಷ್ಟು ಕಾಡ್ ಹಿಡಿಯಬಹುದು ಅಂತ ನಾರ್ವೆ, ರಷ್ಯಾ ಒಟ್ಟಿಗೆ ಕೂತು ತೀರ್ಮಾನ ಮಾಡುತ್ತವೆ.

[ಪರದೆಯ ಮೇಲೆ: 2021 – 8,85,600 ಟನ್. 2024 – 4,53,427 ಟನ್. 2025 – 3,40,000 ಟನ್.]

ನಾಲ್ಕು ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ. ಮರಿಗಳು ಸಾಕಷ್ಟು ಬೆಳೆದು ಬರುತ್ತಿಲ್ಲ, ಹೀಗೇ ಹಿಡಿದರೆ ಮೀನು ಇನ್ನೂ ಕಡಿಮೆಯಾಗುತ್ತದೆ ಅಂತ ವಿಜ್ಞಾನಿಗಳು ವರ್ಷ ವರ್ಷವೂ ಎಚ್ಚರಿಸುತ್ತಿದ್ದಾರೆ. ಹಿಡಿಯುವುದನ್ನು ಕಡಿಮೆ ಮಾಡಿದ್ದು ಸರಿಯೇ. ಆದರೆ ಬೇಡಿಕೆ ಹಾಗೇ ಇದೆ, ಮೀನು ಅರ್ಧವಾಗಿದೆ. ಬೆಲೆ ಏನಾಗುತ್ತದೆ, ಹೇಳಬೇಕಾಗಿಲ್ಲ ಅಲ್ವಾ?

ಇದರ ಮೇಲೆ ಯುಕ್ರೇನ್ ಯುದ್ಧ. 2022ರಲ್ಲಿ ಬ್ರಿಟನ್ ರಷ್ಯಾದ ಬಿಳಿ ಮೀನಿನ ಮೇಲೆ, ಅಂದರೆ ಕಾಡ್, ಹ್ಯಾಡಕ್‌ನಂಥ ಮೀನುಗಳ ಮೇಲೆ, ಶೇ. 35 ಸುಂಕ ಹಾಕಿತು. ಅದೇ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯೂ ಸಿಗದಾಯಿತು. ಯುದ್ಧಕ್ಕೆ ಮೊದಲು ಜಗತ್ತಿನ ಮಾರುಕಟ್ಟೆಗೆ ಬರುತ್ತಿದ್ದ ಆ ಎಣ್ಣೆಯಲ್ಲಿ ಸುಮಾರು ಅರ್ಧ ಯುಕ್ರೇನಿನದು. ಆಗ ನಮ್ಮ ಅಡುಗೆಮನೆಯಲ್ಲೂ ಎಣ್ಣೆ ಪ್ಯಾಕೆಟ್ಟಿನ ಬೆಲೆ ಏರಿತ್ತು, ನೆನಪಿದೆಯಾ? ಹಾಗಾದರೆ ಪಾಮ್ ಎಣ್ಣೆ ಹಾಕೋಣ ಅಂದರೆ, ಅದೇ ವರ್ಷದ ಏಪ್ರಿಲ್‌ನಲ್ಲಿ ಇಂಡೋನೇಷ್ಯಾ ಅದರ ರಫ್ತನ್ನೇ ಕೆಲವು ವಾರ ನಿಲ್ಲಿಸಿತು. ಗ್ಯಾಸ್ ಬಿಲ್ಲಂತೂ ಕೇಳಲೇಬೇಡಿ. ಗಿರಾಕಿ ಬರಲಿ ಬಿಡಲಿ, ಅಂಗಡಿ ತೆರೆದಷ್ಟು ಹೊತ್ತೂ ಎಣ್ಣೆ ಕಾದಿರಲೇಬೇಕು. ಮನೆಗಳ ಗ್ಯಾಸ್ ದರಕ್ಕೆ ಸರ್ಕಾರದ ಮಿತಿ ಇದೆ, ಅಂಗಡಿಗಳಿಗೆ ಅಂಥ ಮಿತಿ ಇಲ್ಲ. 2023ರ ಮಳೆಗೆ ಹೊಲದಲ್ಲಿ ನೀರು ನಿಂತು ಆಲೂಗಡ್ಡೆಯೂ ಕೈಕೊಟ್ಟಿತು.

[ದೃಶ್ಯ: ಮೇಜಿನ ಮೇಲೆ ಹತ್ತು ಒಂದು ಪೌಂಡ್ ನಾಣ್ಯಗಳು, ಪಕ್ಕದಲ್ಲಿ ಚಿಲ್ಲರೆ]

ಈಗ ಹೆಚ್ಚಿನವರ ಕಣ್ಣಿಗೆ ಬೀಳದ ವಿಷಯಕ್ಕೆ ಬರೋಣ. ತೆರಿಗೆ.

ಅಲ್ಲಿ ಸೂಪರ್ ಮಾರ್ಕೆಟಿನಲ್ಲಿ ಹಸಿ ಮೀನು ಕೊಂಡರೆ ವ್ಯಾಟ್ ಇಲ್ಲ. ಆಲೂಗಡ್ಡೆಗೂ ಇಲ್ಲ. ಫ್ರೀಜ್ ಮಾಡಿದ, ಹಿಟ್ಟು ಮೆತ್ತಿದ ಮೀನಿಗೂ ಇಲ್ಲ. ಅದನ್ನೇ ಬಿಸಿ ಬಿಸಿ ಕರಿದು ಪೊಟ್ಟಣ ಕಟ್ಟಿಕೊಟ್ಟರೆ ಶೇ. 20. ಬಿಸಿ ಪಾರ್ಸೆಲ್ ಊಟದ ಮೇಲೆ ಈ ತೆರಿಗೆ ಬಂದಿದ್ದು 1984ರಲ್ಲಿ, ಆಗಿನ ಹಣಕಾಸು ಮಂತ್ರಿ ನೈಜೆಲ್ ಲಾಸನ್ ಅವರ ಬಜೆಟ್ಟಿನಲ್ಲಿ. ಆಗ ಶೇ. 15 ಇತ್ತು. 9 ಪೌಂಡ್ 88 ಪೆನ್ಸ್ ಕೊಟ್ಟರೆ ಅದರಲ್ಲಿ ಸುಮಾರು 1 ಪೌಂಡ್ 65 ಪೆನ್ಸ್ ನೇರವಾಗಿ ಸರ್ಕಾರಕ್ಕೆ.

[ಕೈ ಒಂದು ನಾಣ್ಯ ಮತ್ತು ಸ್ವಲ್ಪ ಚಿಲ್ಲರೆಯನ್ನು ಪಕ್ಕಕ್ಕೆ ಸರಿಸುತ್ತದೆ.]

ನಮ್ಮಲ್ಲಿ ಜಿಎಸ್‌ಟಿ ಕಟ್ಟುವ ವ್ಯಾಪಾರಿಗಳಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರುವಾಗ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಆದರೆ ಚಿಪ್ ಅಂಗಡಿಯವರು ಕೊಳ್ಳುವ ಮೀನಿಗೆ, ಆಲೂಗಡ್ಡೆಗೆ, ಹಿಟ್ಟಿಗೆ ತೆರಿಗೆಯೇ ಇಲ್ಲ. ಕಳೆಯಲು ಏನಿದೆ? ಗ್ಯಾಸು, ಕಾಗದದಂಥ ಕೆಲವು ಖರ್ಚು ಅಷ್ಟೆ. ವರ್ಷಕ್ಕೆ 90 ಸಾವಿರ ಪೌಂಡಿಗಿಂತ ಹೆಚ್ಚು ವ್ಯಾಪಾರ ಇರುವ ಅಂಗಡಿ ಹೆಚ್ಚುಕಡಿಮೆ ಪೂರ್ತಿ ತೆರಿಗೆಯನ್ನು ಹೊರಬೇಕು. ಇನ್ನೊಂದು ಕಡೆ, ಬೇಕರಿಯಲ್ಲಿ ಒಲೆಯಿಂದ ತೆಗೆದಿಟ್ಟ ಪೇಸ್ಟಿ (ಒಳಗೆ ಮಾಂಸ, ತರಕಾರಿ ತುಂಬಿದ ನಮ್ಮ ಪಫ್‌ನಂಥ ತಿಂಡಿ) ತಾನಾಗಿ ಆರುತ್ತಿದ್ದರೆ ಅದಕ್ಕೆ ವ್ಯಾಟ್ ಇಲ್ಲ. 2012ರಲ್ಲಿ ಅದಕ್ಕೂ ತೆರಿಗೆ ಹಾಕಲು ಹೋಗಿ, ಗಲಾಟೆಯಾಗಿ, ಸರ್ಕಾರ ಹಿಂದೆ ಸರಿಯಿತು.

ಕೋವಿಡ್ ಸಮಯದಲ್ಲಿ ಈ ತೆರಿಗೆಯನ್ನು ಶೇ. 5ಕ್ಕೆ ಇಳಿಸಿದ್ದರು, ಆಮೇಲೆ ಶೇ. 12.5. ಮತ್ತೆ ಶೇ. 20 ಆಗಿದ್ದು 2022ರ ಏಪ್ರಿಲ್ 1ಕ್ಕೆ. ಎಣ್ಣೆ, ಮೀನು, ಗ್ಯಾಸ್ ಎಲ್ಲಾ ಒಟ್ಟಿಗೆ ಗಗನಕ್ಕೇರಿದ್ದ ಹೊತ್ತು ಅದು. ಆ ಹೊತ್ತು ನೋಡಿಕೊಂಡು ಹಾಗೆ ಮಾಡಬಾರದಿತ್ತು. ನನಗೆ ಇದರಲ್ಲಿ ಎರಡು ಮಾತಿಲ್ಲ.

[ನಿರೂಪಕ]

ಕೂಲಿ ಏರಿದ್ದರಿಂದಲೇ ಬೆಲೆ ಏರಿತು ಅನ್ನುವವರೂ ಇದ್ದಾರೆ. ಏರಿದ್ದು ನಿಜ. ಕನಿಷ್ಠ ಕೂಲಿ 2019ರಲ್ಲಿ ಗಂಟೆಗೆ 8 ಪೌಂಡ್ 21 ಪೆನ್ಸ್ ಇತ್ತು, 2024ರಲ್ಲಿ 11 ಪೌಂಡ್ 44 ಪೆನ್ಸ್. ಈ ಲೆಕ್ಕವನ್ನು ಸ್ವಲ್ಪ ತಿರುಗಿಸಿ ನೋಡಿ. ಕನಿಷ್ಠ ಕೂಲಿಯವರು 2019ರಲ್ಲಿ ಒಂದು ಪೊಟ್ಟಣಕ್ಕಾಗಿ ಸುಮಾರು 47 ನಿಮಿಷ ದುಡಿಯಬೇಕಿತ್ತು. 2024ರಲ್ಲಿ 52 ನಿಮಿಷ. ಕೂಲಿ ಏರದೇ ಇದ್ದಿದ್ದರೆ ಈ ಊಟ ಅವರ ಕೈಗೆ ಪೂರ್ತಿ ತಪ್ಪಿಹೋಗುತ್ತಿತ್ತು. ಎಣ್ಣೆಯ ಬಿಸಿಯ ಮುಂದೆ ಸಂಜೆಯಿಡೀ ನಿಲ್ಲುವ ಹುಡುಗಿಯ ಕೂಲಿಯನ್ನು ದೂರುವುದು ನನಗೆ ಸರಿ ಕಾಣುವುದಿಲ್ಲ.

ಅಂಗಡಿಯವರೂ ಸುಮ್ನೆ ಕೂತಿಲ್ಲ. ಮಧ್ಯಾಹ್ನ ಕಡಿಮೆ ಬೆಲೆಗೆ ಸಣ್ಣ ತುಂಡು ಕೊಡುತ್ತಾರೆ. ಕಾಡ್ ಬದಲು ಹೇಕ್, ಕೋಲಿ ಅನ್ನುವ ಮೀನುಗಳನ್ನು ಬೋರ್ಡಿಗೆ ಹಾಕುತ್ತಿದ್ದಾರೆ. ಬ್ರಿಟಿಷ್ ದೋಣಿಗಳು ಬಂಗುಡೆಯ ದೂರದ ನೆಂಟ ಮ್ಯಾಕೆರೆಲ್ ಅನ್ನು ರಾಶಿ ರಾಶಿ ಹಿಡಿಯುತ್ತವೆ, ಆದರೆ ಅದರಲ್ಲಿ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ. ಬ್ರಿಟನ್ನಿನ ಜನಕ್ಕೆ ಕಾಡ್, ಹ್ಯಾಡಕ್ ಬಿಟ್ಟರೆ ಬೇರೆ ರುಚಿ ಹತ್ತುವುದು ಕಷ್ಟ.

2026ಕ್ಕೆ ಬ್ಯಾರೆಂಟ್ಸ್ ಸಮುದ್ರದ ಮಿತಿ ಇನ್ನೂ ಇಳಿದು 2,85,000 ಟನ್ ಆಗಿದೆ. ಬೋರ್ಡಿನ ಮೇಲೆ ಇನ್ನೊಂದು ಸ್ಟಿಕ್ಕರ್ ಬರುವ ಹಾಗೆ ಕಾಣುತ್ತದೆ.

ಬ್ರಿಟನ್ನಿನಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ಕನ್ನಡದವರು ಇದನ್ನು ನೋಡುತ್ತಿದ್ದರೆ, ನಿಮ್ಮ ಬೀದಿಯ ಅಂಗಡಿಯಲ್ಲಿ ಒಂದು ಕಾಡ್ ಅಂಡ್ ಚಿಪ್ಸ್ ಎಷ್ಟಾಗಿದೆ, ಹೇಕ್ ಸಿಗುತ್ತದಾ, ಕೆಳಗೆ ಬರೆಯಿರಿ. ಮುಂದಿನ ಶುಕ್ರವಾರ ನಾನು ಹೇಕ್ ತೊಗೊಂಡು ನೋಡುತ್ತೇನೆ.

[ದೃಶ್ಯ: ಅಂಗಡಿಯ ಹೊರಗಿನ ಬೆಂಚು. ಬಿಚ್ಚಿದ ಪೊಟ್ಟಣ, ಮೇಲೇಳುವ ಹಬೆ, ಎರಡು ಮರದ ಫೋರ್ಕ್.]