ಜನವಿರಳ ಉತ್ತರಾರಣ್ಯದ ಸೆಳೆತ: ಬೇಟೆ, ಮೀನು, ಉರುಲು

ಸಭೆಯಲ್ಲಿರುವ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರಗಳು.

ಅಲಾಸ್ಕಾ, ಕೆನಡಾದ ಉತ್ತರ ಭಾಗ ಮತ್ತು ಸೈಬೀರಿಯಾ, ಈ ಮೂರನ್ನೂ ಬಳಸಿಕೊಂಡು ಭೂಮಿಯ ನೆತ್ತಿಯ ಸುತ್ತ ಹಬ್ಬಿರುವ ಸ್ಪ್ರೂಸ್ ಮತ್ತು ಬರ್ಚ್ ಮರಗಳ ಕಾಡು ಹಲವು ಶತಮಾನಗಳಿಂದ ಹೊರಗಿನ ಜನರನ್ನು ತನ್ನತ್ತ ಸೆಳೆಯುತ್ತ ಬಂದಿದೆ. ತುಪ್ಪಳಕ್ಕಾಗಿ ಹೋದವರುಂಟು, ಚಿನ್ನಕ್ಕಾಗಿ ಹೋಗಿ ಬೇಟೆಯಿಂದ ಬದುಕಿದವರುಂಟು, ಯಾರ ಅಂಕೆಯೂ ಇಲ್ಲದೆ ಬಾಳಬೇಕೆಂದು ಹೋದವರುಂಟು. ಆ ಸೆಳೆತದ ಬೇರು ಎಲ್ಲಿದೆ ಎಂಬುದು ಈ ಉಪನ್ಯಾಸದ ವಿಷಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಆ ಕಾಡಿನಲ್ಲಿ ಜನ ಕಡಿಮೆ ಇರುವುದಕ್ಕೆ ಯಾವುದು ಕಾರಣವೋ, ಅಲ್ಲಿ ಬೇಟೆಗಾರನಿಗೆ ಸಿಗುವುದಕ್ಕೆ ಮಿತಿ ಹಾಕುವುದೂ ಅದೇ. ಸೆಳೆತವನ್ನು ಮಾತ್ರ ನೋಡಿ ಮಿತಿಯನ್ನು ನೋಡದವರು ಆ ನೆಲಕ್ಕೂ ತಮಗೂ ಹಾನಿ ಮಾಡಿಕೊಂಡಿದ್ದಾರೆ.

ವಿಸ್ತಾರದ ಕಲ್ಪನೆಗಾಗಿ ಕೆಲವು ಅಂಕಿಗಳು ಬೇಕು. ಅಲಾಸ್ಕಾದ ವಿಸ್ತೀರ್ಣ ಸುಮಾರು 17 ಲಕ್ಷ ಚದರ ಕಿಲೋಮೀಟರ್; 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 7,33,391. ಕೆನಡಾದ ಯೂಕಾನ್ ಪ್ರಾಂತದ ವಿಸ್ತೀರ್ಣ ಸುಮಾರು 4.8 ಲಕ್ಷ ಚದರ ಕಿಲೋಮೀಟರ್. 2021ರಲ್ಲಿ ಅಲ್ಲಿದ್ದವರು 40,232 ಜನ, ಅವರಲ್ಲಿ 28 ಸಾವಿರಕ್ಕೂ ಹೆಚ್ಚು ಮಂದಿ ವೈಟ್‌ಹಾರ್ಸ್ ಎಂಬ ಒಂದೇ ಪಟ್ಟಣದವರು. ಆ ಪಟ್ಟಣವನ್ನು ಬಿಟ್ಟು ಲೆಕ್ಕ ಹಾಕಿದರೆ ಒಬ್ಬೊಬ್ಬರ ಪಾಲಿಗೆ ನಲವತ್ತು ಚದರ ಕಿಲೋಮೀಟರ್ ನೆಲ ಬರುತ್ತದೆ. ರಸ್ತೆ ಮುಗಿದ ಮೇಲೆ ದೋಣಿ, ನದಿ ಹೆಪ್ಪುಗಟ್ಟಿದ ಮೇಲೆ ಹಿಮವಾಹನ ಅಥವಾ ನಾಯಿಬಂಡಿ, ಉಳಿದಂತೆ ಸಣ್ಣ ವಿಮಾನ, ಇವೇ ಅಲ್ಲಿಯ ಸಂಚಾರಸಾಧನಗಳು.

ಇಂಥ ಕಡೆ ಬೇಟೆ, ಮೀನುಗಾರಿಕೆ, ಉರುಲು ಹಾಕುವುದು ಎಂಬವು ಮೂರು ಬೇರೆಬೇರೆ ಹವ್ಯಾಸಗಳಲ್ಲ, ಒಂದೇ ವರ್ಷದ ಮೂರು ಕಾಲಗಳು. ಅಲ್ಲಿಯ ಬದುಕಿನ ಸೆಳೆತವನ್ನು ತಿಳಿಯಲು ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಬೇಸಿಗೆಯಲ್ಲಿ ಸಮುದ್ರದಿಂದ ನದಿಗೆ ಏರಿ ಬರುವ ಸಾಲ್ಮನ್ ಮೀನನ್ನು ಬಲೆ ಹಾಕಿ ಹಿಡಿದು, ಸೀಳಿ, ಹೊಗೆಯಲ್ಲಿ ಒಣಗಿಸುತ್ತಾರೆ. ಶರತ್ಕಾಲದಲ್ಲಿ ಮೂಸ್ ಎಂಬ ದೊಡ್ಡ ಕಡವೆಯ ಬೇಟೆ. ಬೆಳೆದ ಒಂದು ಗಂಡು ಮೂಸ್‌ನಿಂದ ಇನ್ನೂರು ಕಿಲೋಗ್ರಾಮಿಗೂ ಹೆಚ್ಚು ಮಾಂಸ ದೊರೆಯುವುದರಿಂದ ಸಣ್ಣ ಕುಟುಂಬವೊಂದರ ಚಳಿಗಾಲ ಅದರಿಂದಲೇ ಬಹುಪಾಲು ಸಾಗುತ್ತದೆ. ಹಿಮ ಗಟ್ಟಿಯಾಗಿ ಪ್ರಾಣಿಗಳ ತುಪ್ಪಳ ದಟ್ಟವಾದ ಮೇಲೆ ಉರುಲಿನ ಕಾಲ: ಮುಂಗುಸಿಯಂಥ ಸಣ್ಣ ಮಾರ್ಟನ್, ಕಾಡುಬೆಕ್ಕಿನ ಜಾತಿಯ ಲಿಂಕ್ಸ್, ನೀರಿನಲ್ಲಿ ಮನೆ ಕಟ್ಟಿಕೊಳ್ಳುವ ದಂಶಕ ಬೀವರ್. ಹತ್ತಾರು ಕಿಲೋಮೀಟರ್ ಉದ್ದದ ದಾರಿಯ ಮೇಲೆ ಅಲ್ಲಲ್ಲಿ ಉರುಲು ಮತ್ತು ಬೋನುಗಳನ್ನು ಇಟ್ಟು, ದಾರಿಯುದ್ದಕ್ಕೂ ರಾತ್ರಿ ತಂಗಲು ಸಣ್ಣ ಮರದ ಗುಡಿಸಲುಗಳನ್ನು ಕಟ್ಟಿಕೊಂಡು, ಮತ್ತೆ ಮತ್ತೆ ಅದೇ ದಾರಿಯನ್ನು ಸುತ್ತುವುದು. ಇದನ್ನು ಟ್ರ್ಯಾಪ್‌ಲೈನ್ ಎನ್ನುತ್ತಾರೆ. ಒಂದೇ ದಾರಿಯನ್ನು ವರ್ಷಾನುಗಟ್ಟಲೆ ತುಳಿದವನಿಗೆ ಹಿಮದ ಮೇಲಿನ ಹೆಜ್ಜೆ ನಿನ್ನೆಯದೋ ಇಂದಿನದೋ, ಯಾವ ಹಳ್ಳದ ಮಂಜುಗಡ್ಡೆ ತೆಳುವಾಗಿದೆ, ಯಾವ ದಿಣ್ಣೆಯನ್ನು ಮಾರ್ಟನ್ ಹಾಯುತ್ತದೆ ಎಂಬುದೆಲ್ಲ ತಿಳಿಯುತ್ತದೆ. ಒಬ್ಬ ಮನುಷ್ಯನ ಅರಿವು ಇಷ್ಟು ದೊಡ್ಡ ನೆಲವನ್ನು ಇಷ್ಟು ಸೂಕ್ಷ್ಮವಾಗಿ ಒಳಗೊಳ್ಳುವ ಅವಕಾಶ ಬೇರೆಡೆ ವಿರಳ. ಆ ಬದುಕಿನ ನಿಜವಾದ ಆಕರ್ಷಣೆ ಇದೇ ಎಂದು ನಾನು ನಂಬುತ್ತೇನೆ. ಏಕಾಂತವನ್ನು ಬಯಸಿ ಹೋದವರಲ್ಲಿ ಅಲ್ಲಿ ನೆಲೆ ನಿಂತವರು ಏಕಾಂತಕ್ಕಾಗಿ ಮಾತ್ರ ನಿಂತವರಲ್ಲ. ಮಾಡಿದ ಕೆಲಸದ ಫಲವನ್ನು, ತಪ್ಪಿದರೆ ಅದರ ದಂಡವನ್ನು, ನಡುವೆ ಇನ್ನಾರೂ ಇಲ್ಲದೆ ನೇರವಾಗಿ ಪಡೆಯಬೇಕೆಂಬ ಹಂಬಲ ಅವರನ್ನು ಅಲ್ಲಿ ಹಿಡಿದು ನಿಲ್ಲಿಸಿತು.

ಇನ್ನು ಮಿತಿಯ ಮಾತು. ಜನರಿಲ್ಲದ ಕಾಡಿನಲ್ಲಿ ಪ್ರಾಣಿಗಳು ಕಿಕ್ಕಿರಿದಿರುತ್ತವೆ ಎಂದು ದೂರದಿಂದ ನೋಡುವವರು ತಿಳಿಯುವುದುಂಟು. ಉತ್ತರದ ಕಾಡಿನಲ್ಲಿ ಹಾಗಿಲ್ಲ. ಬೆಳೆಯುವ ಕಾಲ ಕೆಲವೇ ತಿಂಗಳು, ಮಣ್ಣು ತಣ್ಣಗಿದ್ದು ಎಷ್ಟೋ ಕಡೆ ಕೆಳಪದರ ಎಂದೂ ಕರಗುವುದಿಲ್ಲ. ಹಾಗಾಗಿ ಗಿಡಮರ ಬೆಳೆಯುವುದು ನಿಧಾನ, ಅವನ್ನು ತಿನ್ನುವ ಪ್ರಾಣಿಗಳು ವಿರಳ, ಆ ಪ್ರಾಣಿಗಳನ್ನು ತಿನ್ನುವವು ಇನ್ನೂ ವಿರಳ. ಅಲ್ಲಿಯ ಸಂಪತ್ತು ವಿಸ್ತಾರದಲ್ಲಿದೆಯೇ ಹೊರತು ಸಾಂದ್ರತೆಯಲ್ಲಿಲ್ಲ. ಸಾಲದೆಂಬಂತೆ ಆ ಸಂಪತ್ತು ಏರುಪೇರಾಗುತ್ತಲೇ ಇರುತ್ತದೆ. ಹಿಮಮೊಲಗಳ ಸಂಖ್ಯೆ ಸುಮಾರು ಹತ್ತು ವರ್ಷಕ್ಕೊಮ್ಮೆ ಶಿಖರಕ್ಕೇರಿ ಕುಸಿಯುತ್ತದೆ, ಒಂದೆರಡು ವರ್ಷ ಹಿಂದೆಬಿದ್ದು ಅವನ್ನೇ ನಂಬಿರುವ ಲಿಂಕ್ಸ್‌ಗಳೂ ಕುಸಿಯುತ್ತವೆ. ಇಂಗ್ಲೆಂಡಿನ ಪರಿಸರವಿಜ್ಞಾನಿ ಚಾರ್ಲ್ಸ್ ಎಲ್ಟನ್ ತಮ್ಮ ಸಹೋದ್ಯೋಗಿಯೊಡನೆ 1942ರಲ್ಲಿ ಪ್ರಕಟಿಸಿದ ಅಧ್ಯಯನ ಈ ಆವರ್ತವನ್ನು ತೋರಿಸಿಕೊಟ್ಟಿತು. ಅದಕ್ಕೆ ಆಧಾರವಾದದ್ದು ಕೆನಡಾದಲ್ಲಿ ತುಪ್ಪಳದ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ಸ್ ಬೇ ಕಂಪನಿಯ ಲೆಕ್ಕಪತ್ರಗಳು. ವ್ಯಾಪಾರಿಯ ಕಡತ ಕಾಡಿನ ನಾಡಿಬಡಿತದ ದಾಖಲೆಯಾಗಿ ಉಳಿದದ್ದು ನನಗೆ ಇಂದಿಗೂ ವಿಸ್ಮಯದ ಸಂಗತಿ.

ಮೊಲಗಳು ಹೇರಳವಾಗಿದ್ದಾಗಲೂ ಅವನ್ನಷ್ಟೇ ತಿಂದು ಬದುಕಲಾಗದು ಎಂಬುದು ಆ ನಾಡಿನ ಇನ್ನೊಂದು ಕಟುಸತ್ಯ. ಅವುಗಳ ಮಾಂಸದಲ್ಲಿ ಕೊಬ್ಬು ತೀರ ಕಡಿಮೆ. ಮನುಷ್ಯನ ಯಕೃತ್ತು ಬರಿಯ ಪ್ರೋಟೀನನ್ನು ಒಂದು ಮಿತಿಗಿಂತ ಹೆಚ್ಚಾಗಿ ನಿಭಾಯಿಸಲಾರದು. ಎಷ್ಟು ತಿಂದರೂ ಹಸಿವು ಹಿಂಗದೆ, ಭೇದಿ ಹತ್ತಿ, ಮನುಷ್ಯ ಸೊರಗುತ್ತಾನೆ. ಆರ್ಕ್ಟಿಕ್ ಅನ್ವೇಷಕ ವಿಲ್ಯಾಲ್ಮುರ್ ಸ್ಟೀಫಾನ್ಸನ್ ಈ ಸ್ಥಿತಿಯನ್ನು ವಿವರವಾಗಿ ಬಣ್ಣಿಸಿದ್ದಾರೆ. ಅದಕ್ಕಾಗಿಯೇ ಉತ್ತರದ ಮೂಲನಿವಾಸಿಗಳು ಬೀವರಿನ ಬಾಲದ ಕೊಬ್ಬಿಗೆ, ಸಾಲ್ಮನ್ನಿನ ಎಣ್ಣೆಗೆ, ಮೂಳೆಯ ನೆಣಕ್ಕೆ ಅಷ್ಟೊಂದು ಬೆಲೆ ಕೊಡುತ್ತಾರೆ.

ಮಿತಿಯನ್ನು ಇನ್ನೂ ಹತ್ತಿರದಿಂದ ಕಾಣಬೇಕಾದರೆ ಸೈಬೀರಿಯಾದ ಲೀಕೊವ್ ಕುಟುಂಬವನ್ನು ನೆನೆಯಬೇಕು. ಧಾರ್ಮಿಕ ಕಿರುಕುಳಕ್ಕೆ ಹೆದರಿ 1936ರಲ್ಲಿ ಟೈಗಾ ಕಾಡಿನೊಳಕ್ಕೆ ಸರಿದ ಈ ಹಳೆಯ ಸಂಪ್ರದಾಯದ ಕ್ರೈಸ್ತರನ್ನು ಭೂವಿಜ್ಞಾನಿಗಳ ತಂಡವೊಂದು ಕಂಡದ್ದು 1978ರಲ್ಲಿ. ಅವರ ಬಳಿ ಬಂದೂಕಾಗಲಿ ಬಿಲ್ಲಾಗಲಿ ಇರಲಿಲ್ಲ. ಮಗ ದ್ಮಿತ್ರಿ ಬೆಳೆದು ದೊಡ್ಡವನಾಗಿ, ಗುಂಡಿ ತೋಡಿಯೋ ಪ್ರಾಣಿಯನ್ನು ದಣಿಯುವವರೆಗೆ ಅಟ್ಟಿಯೋ ಬೇಟೆಯಾಡಲು ಕಲಿಯುವ ತನಕ ಮಾಂಸ ಅವರಿಗೆ ಅಪರೂಪವೇ ಆಗಿತ್ತು. 1961ರ ಜೂನ್ ತಿಂಗಳಲ್ಲಿ ಬಿದ್ದ ಹಿಮ ಅವರ ತೋಟವನ್ನು ಸುಟ್ಟುಹಾಕಿತು. ತಾಯಿ ಅಕುಲಿನಾ ಹಸಿವಿನಿಂದ ತೀರಿಕೊಂಡರು. ಸುತ್ತ ನೂರಾರು ಕಿಲೋಮೀಟರ್ ಕಾಡಿದ್ದೂ ಒಂದು ಕುಟುಂಬದ ಹೊಟ್ಟೆ ತುಂಬಲಿಲ್ಲ.

ಮೀನಿನ ವಿಷಯವೂ ಭಿನ್ನವಲ್ಲ. ಕೆನಡಾದ ಗ್ರೇಟ್ ಬೇರ್ ಸರೋವರದಲ್ಲಿ 1995ರಲ್ಲಿ 72 ಪೌಂಡ್, ಅಂದರೆ ಸುಮಾರು 33 ಕಿಲೋಗ್ರಾಂ ತೂಕದ ಲೇಕ್ ಟ್ರೌಟ್ ಗಾಳಕ್ಕೆ ಸಿಕ್ಕಿತು. ಅಂಥ ಮೀನಿನ ಆಸೆಗೆ ಜನ ವಿಮಾನವೇರಿ ಅಲ್ಲಿಗೆ ಹೋಗುತ್ತಾರೆ. ಆದರೆ ಆ ನೀರು ವರ್ಷದ ಬಹುಭಾಗ ಹೆಪ್ಪುಗಟ್ಟಿರುತ್ತದೆ, ಪೋಷಕಾಂಶ ಅತ್ಯಲ್ಪ, ಮೀನು ಬೆಳೆಯುವುದು ಬಲು ನಿಧಾನ. ದೊಡ್ಡ ಮೀನೆಂದರೆ ಹಲವು ದಶಕ ಬದುಕಿದ ಮೀನು. ಹಿಡಿಯುವವರು ವಿರಳವಾಗಿದ್ದುದರಿಂದ ಅದು ಅಷ್ಟು ಕಾಲ ಬದುಕಿತು. ಹತ್ತು ಮಂದಿಯ ಬದಲು ಸಾವಿರ ಮಂದಿ ಅದನ್ನು ಅರಸಿ ಬಂದು, ಹಿಡಿದದ್ದನ್ನೆಲ್ಲ ಕೊಂದರೆ, ಕೆಲವೇ ವರ್ಷಗಳಲ್ಲಿ ಅರಸಲು ಏನೂ ಉಳಿಯುವುದಿಲ್ಲ.

ಹೀಗೆ ಉಳಿಯದೆ ಹೋದ ಇತಿಹಾಸವೂ ಇದೆ. 1670ರಲ್ಲಿ ಇಂಗ್ಲೆಂಡಿನ ದೊರೆ ಹಡ್ಸನ್ಸ್ ಬೇ ಕಂಪನಿಗೆ ಸನದು ಕೊಟ್ಟು, ಹಡ್ಸನ್ ಕೊಲ್ಲಿಗೆ ನೀರು ಹರಿಸುವ ಇಡೀ ಸೀಮೆಯ ವ್ಯಾಪಾರದ ಹಕ್ಕನ್ನು ಅದಕ್ಕೆ ಒಪ್ಪಿಸಿದ. ಯುರೋಪಿನ ಟೋಪಿಗಳಿಗೆ ಬಳಸುವ, ಕೂದಲನ್ನು ಒತ್ತಿ ಮಾಡಿದ ಫೆಲ್ಟ್ ಬಟ್ಟೆಗೆ ಬೀವರಿನ ಒಳತುಪ್ಪಳ ಬೇಕಾಗಿತ್ತು. ಕಂಪನಿಯ ಠಾಣೆಗಳಲ್ಲಿ ಹದವಾದ ಒಂದು ಬೀವರ್ ಚರ್ಮವೇ ಹಣದ ಮಾನವಾಗಿ, ಬಂದೂಕು ಕಂಬಳಿ ಕೊಡಲಿಗಳಿಗೆಲ್ಲ ಅದರಲ್ಲೇ ಬೆಲೆ ಕಟ್ಟುತ್ತಿದ್ದರು. ಅಲ್ಲಿ ಮೊದಲಿನಿಂದಲೂ ಇದ್ದ ಕ್ರೀ ಜನರಲ್ಲಿ ಕುಟುಂಬಕ್ಕೊಂದು ಬೇಟೆಯ ಸೀಮೆ ಇತ್ತು, ಅದರ ಹಿರಿಯನಿಗೆ ಎಲ್ಲಿ ಎಷ್ಟು ಬೀವರ್ ಮನೆಗಳಿವೆ, ಯಾವುದನ್ನು ಈ ವರ್ಷ ಮುಟ್ಟಬಾರದು ಎಂಬ ಲೆಕ್ಕ ಗೊತ್ತಿತ್ತು. ಹೊರಗಿನ ಉರುಲುಗಾರರು ಒಳನುಗ್ಗಿ, ಕಂಡದ್ದನ್ನೆಲ್ಲ ಬಾಚಿ, ಬರಿದಾದ ಮೇಲೆ ಮುಂದಕ್ಕೆ ಹೋದಾಗ ಆ ಲೆಕ್ಕ ಅರ್ಥ ಕಳೆದುಕೊಂಡಿತು. ತಾವು ಬಿಟ್ಟದ್ದನ್ನು ಬೇರೆಯವರು ಒಯ್ಯುವುದಾದರೆ ಬಿಡುವುದೇಕೆ? 1920ರ ದಶಕ ಮುಗಿಯುವ ಹೊತ್ತಿಗೆ ಜೇಮ್ಸ್ ಕೊಲ್ಲಿಯ ರೂಪರ್ಟ್ ಹೌಸ್ ಸುತ್ತಮುತ್ತ ಬೀವರ್ ಬಹುತೇಕ ಇಲ್ಲವಾಗಿತ್ತು. ಅಲ್ಲಿಯ ಕಂಪನಿ ಠಾಣೆಯ ಜೇಮ್ಸ್ ವಾಟ್ ಮತ್ತು ಅವರ ಪತ್ನಿ ಮಾಡ್ ವಾಟ್ ಅವರ ಪ್ರಯತ್ನದಿಂದ 1932ರಲ್ಲಿ ಕ್ವಿಬೆಕ್ ಸರ್ಕಾರ ಬೀವರ್ ರಕ್ಷಿತ ಪ್ರದೇಶವೊಂದನ್ನು ಒಪ್ಪಿತು. ಗೂಡುಗಳನ್ನು ಎಣಿಸುವ, ಕಾಯುವ ಕೆಲಸವನ್ನು ಕ್ರೀ ಹಿರಿಯರೇ ವಹಿಸಿಕೊಂಡರು, ಬೀವರ್ ಮರಳಿ ಬಂತು. ಆ ಹಿರಿಯರ ಹೆಸರು ವಾಟ್ ದಂಪತಿಗಳ ಹೆಸರಿನಷ್ಟು ಇತಿಹಾಸದಲ್ಲಿ ಕಾಣದಿರುವುದು ಸರಿಯಲ್ಲ. ತಲೆಮಾರುಗಳ ಲೆಕ್ಕವನ್ನು ಇಟ್ಟವರು ಅವರು.

ರಷ್ಯಾದಲ್ಲೂ ಇಂಥದೇ ನಡೆಯಿತು. ಬೈಕಾಲ್ ಸರೋವರದ ದಂಡೆಯ ಬಾರ್ಗುಜಿನ್ ಸೇಬಲ್ ಎಂಬ, ಮಾರ್ಟನ್ ಬಳಗದ ಸಣ್ಣ ಪ್ರಾಣಿ ತನ್ನ ಕಪ್ಪು ತುಪ್ಪಳಕ್ಕಾಗಿಯೇ ಅಳಿವಿನಂಚಿಗೆ ಬಂದಾಗ, ಕ್ರಾಂತಿಗೆ ಕೆಲವೇ ವಾರಗಳ ಮುನ್ನ, 1917ರ ಜನವರಿಯಲ್ಲಿ ಅಲ್ಲೊಂದು ರಕ್ಷಿತಾರಣ್ಯವನ್ನು ಸ್ಥಾಪಿಸಿದರು.

ಇಂದಿನ ಕಾನೂನುಗಳು ಈ ಅನುಭವದಿಂದ ಬಂದವು. ಬ್ರಿಟಿಷ್ ಕೊಲಂಬಿಯಾದಲ್ಲಿ 1926ರಿಂದ ಟ್ರ್ಯಾಪ್‌ಲೈನ್‌ಗಳನ್ನು ನೋಂದಾಯಿಸಿ, ಒಂದು ಸೀಮೆಗೆ ಒಬ್ಬನನ್ನೇ ಹೊಣೆಗಾರನನ್ನಾಗಿ ಮಾಡುವ ಪದ್ಧತಿ ಬಂತು. ಮೂಲನಿವಾಸಿಗಳ ಎಷ್ಟೋ ಸೀಮೆಗಳು ಅದರಡಿ ಹೊರಗಿನವರ ಪಾಲಾದವು ಎಂಬ ಕಹಿಯೂ ಅದರ ಜೊತೆಗಿದೆ. ಅಲಾಸ್ಕಾದಲ್ಲಿ ವಿಮಾನದಿಂದ ಇಳಿದ ದಿನವೇ ಮೂಸ್ ಮುಂತಾದ ದೊಡ್ಡ ಪ್ರಾಣಿಗಳನ್ನು ಬೇಟೆಯಾಡುವಂತಿಲ್ಲ. ಮೂಸನ್ನು ಕೊಂದವನು ತಿನ್ನಬಹುದಾದ ಮಾಂಸವನ್ನೆಲ್ಲ ಕಾಡಿನಿಂದ ಹೊರತರಲೇಬೇಕು, ಕೊಂಬು ಮಾತ್ರ ಒಯ್ದರೆ ಅಪರಾಧ. 1980ರ ಅಮೆರಿಕದ ಒಕ್ಕೂಟ ಕಾನೂನು ಅಲ್ಲಿಯ ಒಕ್ಕೂಟ ಸರ್ಕಾರದ ಜಮೀನಿನಲ್ಲಿ ಬೇಟೆ ಕಡಿಮೆಯಾದಾಗ ಹಳ್ಳಿಗಾಡಿನ ನಿವಾಸಿಗಳ ಹೊಟ್ಟೆಪಾಡಿಗೆ ಮೊದಲ ಹಕ್ಕು ಕೊಡುತ್ತದೆ. ದೂರದಿಂದ ಬಂದ ಶೋಕಿಯ ಬೇಟೆಗಾರನಿಗೆ ಇದು ಹಿಡಿಸದಿರಬಹುದು; ನನಗೆ ಇದು ನ್ಯಾಯವೆಂದೇ ತೋರುತ್ತದೆ.

ಉರುಲಿನ ನೋವಿನ ಪ್ರಶ್ನೆಯನ್ನು ಮುಟ್ಟದೆ ಮುಂದೆ ಹೋಗುವಂತಿಲ್ಲ. ಕಾಲು ಹಿಡಿಯುವ ಉಕ್ಕಿನ ಬೋನಿನಲ್ಲಿ ಪ್ರಾಣಿ ಗಂಟೆಗಟ್ಟಲೆ ನರಳುತ್ತಿದ್ದುದನ್ನು ಮೊದಲು ಸಹಿಸದೆ ಹೋದವರಲ್ಲಿ ಉರುಲುಗಾರರೂ ಇದ್ದರು. ಕೆನಡಾದ ಉತ್ತರದಲ್ಲಿ ಉರುಲು ಹಾಕಿ ಬದುಕಿದ ಫ್ರ್ಯಾಂಕ್ ಕಾನಿಬೇರ್ ಹಲವು ವರ್ಷ ಯೋಚಿಸಿ, ಪ್ರಾಣಿಯ ದೇಹವನ್ನು ಒಮ್ಮೆಲೇ ಅದುಮಿ ಬೇಗ ಕೊಲ್ಲುವ ಸಾಧನವನ್ನು ರೂಪಿಸಿದರು, 1950ರ ದಶಕದ ಕೊನೆಗೆ ಅದು ಬಳಕೆಗೆ ಬಂತು. 1997ರಲ್ಲಿ ಐರೋಪ್ಯ ಒಕ್ಕೂಟ, ಕೆನಡಾ ಮತ್ತು ರಷ್ಯಾ ಮಾನವೀಯ ಉರುಲುಗಳ ಮಾನದಂಡಗಳಿಗೆ ಒಪ್ಪಂದ ಮಾಡಿಕೊಂಡವು.

ಇಷ್ಟೆಲ್ಲ ಕಟ್ಟುಪಾಡಿದ್ದರೂ ದೂರವೊಂದೇ ಆ ಕಾಡನ್ನು ಕಾಯುತ್ತದೆ ಎಂಬ ಭರವಸೆ ಈಗ ಉಳಿದಿಲ್ಲ. ಮೂರು ಸಾವಿರ ಕಿಲೋಮೀಟರ್ ಉದ್ದದ ಯೂಕಾನ್ ನದಿಯಲ್ಲಿ ಚಿನೂಕ್ ಸಾಲ್ಮನ್ ಎಷ್ಟು ಕುಸಿದಿದೆಯೆಂದರೆ, 2024ರ ಏಪ್ರಿಲ್‌ನಲ್ಲಿ ಅಲಾಸ್ಕಾ ಮತ್ತು ಕೆನಡಾ ಏಳು ವರ್ಷ, ಅಂದರೆ ಆ ಮೀನಿನ ಒಂದು ಪೂರ್ಣ ಜೀವನಚಕ್ರದಷ್ಟು ಕಾಲ, ಅದನ್ನು ಹಿಡಿಯುವುದನ್ನು ನಿಲ್ಲಿಸಲು ಒಪ್ಪಿಕೊಂಡವು. ದಂಡೆಯ ಹಳ್ಳಿಗಳಲ್ಲಿ ಮೀನು ಸೀಳುವುದನ್ನು ಮಕ್ಕಳು ಅಜ್ಜಿಯರ ಕೈ ನೋಡಿಯೇ ಕಲಿಯುತ್ತಾರೆ. ಏಳು ವರ್ಷದ ಬಿಡುವು ಆ ಕಲಿಕೆಯನ್ನೂ ಮುರಿಯಬಲ್ಲದು. ಕ್ವಿಬೆಕ್‌ನಲ್ಲಿ ಕ್ರೀ ಜನರು ಸರ್ಕಾರದೊಡನೆ ಮಾಡಿಕೊಂಡ 1975ರ ಒಪ್ಪಂದದ ಫಲವಾಗಿ ಕಾಡಿನಲ್ಲೇ ಬದುಕುವ ಕ್ರೀ ಬೇಟೆಗಾರರಿಗೆ ಆದಾಯದ ಆಸರೆ ಸಿಗುತ್ತಿದೆ, ಕಾಡಿನಲ್ಲಿ ಕಳೆದ ದಿನಗಳ ಲೆಕ್ಕದಲ್ಲಿ ಅವರಿಗೆ ಹಣ ಬರುತ್ತದೆ. ಯೂಕಾನ್ ದಂಡೆಯ ಕುಟುಂಬಗಳಿಗೂ, ಮೀನಿಲ್ಲದ ಈ ವರ್ಷಗಳಲ್ಲಿ ನದಿಯ ಬಳಿಯೇ ಬೇಸಿಗೆ ಕಳೆಯಲು, ಅಂಥದೊಂದು ಆಸರೆ ಸಿಗಬೇಕೆಂದು ನಾನು ಬಲವಾಗಿ ಬಯಸುತ್ತೇನೆ.