ಜಾಮ್ ಆದ ಸ್ಟೇರಿಂಗಿಗೆ ಸುತ್ತಿಗೆ ಎತ್ತಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಗೊರೂರಿನ ಹೇಮಾವತಿ ಹಿನ್ನೀರು, ಬೇಲೂರಿನ ಯಗಚಿ, ಆ ಕಡೆ ಲಕ್ಕವಳ್ಳಿಯ ಭದ್ರಾ. ಈ ನೀರುಗಳ ಆಸುಪಾಸಿನಲ್ಲಿ ಬೋಟು ಇಟ್ಟುಕೊಂಡವರು, ಅದನ್ನು ರಿಪೇರಿ ಮಾಡುವ ಹುಡುಗರು, ಇವತ್ತಿನ ನನ್ನ ಮಾತು ನಿಮಗೆ. ಬೋಟು ಇಲ್ಲದವರು ದಯವಿಟ್ಟು ರೇಡಿಯೊ ಆರಿಸಬೇಡಿ. ನಿಮ್ಮ ಕೊಟ್ಟಿಗೆಯಲ್ಲಿ ಟಿಲ್ಲರ್ ಇರುತ್ತದೆ, ತೋಟದಲ್ಲಿ ಕಾಫಿ ಪಲ್ಪರ್ ಇರುತ್ತದೆ, ಹಳೇ ಪಂಪ್‌ಸೆಟ್ ಇರುತ್ತದೆ. ತುಕ್ಕು ಎಲ್ಲ ಕಡೆಯೂ ಒಂದೇ ರೀತಿ ಹಿಡಿಯುತ್ತದೆ. ಬಿಚ್ಚುವ ದಾರಿಯೂ ಒಂದೇ.

ಆ ದಾರಿ ಇಷ್ಟೇ. ಮೊದಲು ನೆನೆಸಿ. ಆಮೇಲೆ ಬಿಸಿ ಮಾಡಿ. ಬಲ ಹಾಕುವುದು ಕಟ್ಟಕಡೆಗೆ. ಇವತ್ತು ನಾನು ಬೇರೆ ಏನು ಹೇಳಿದರೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಕಡೆ ಬೋಟುಗಳು ಮಳೆಗಾಲದಲ್ಲಿ ಮೂಲೆ ಸೇರುತ್ತವೆ. ಜೂನ್‌ನಲ್ಲಿ ಟಾರ್ಪಾಲು ಮುಚ್ಚಿದರೆ ದಸರಾ ಹೊತ್ತಿಗೆ ತೆಗೆಯುವುದು. ತೆಗೆದ ದಿನ ಸ್ಟೇರಿಂಗ್ ತಿರುಗುವುದಿಲ್ಲ. ಕೈಯಲ್ಲಿ ಆಗದಿದ್ದರೆ ಇಬ್ಬರು ಸೇರಿ ತಿರುಗಿಸುತ್ತಾರೆ. ಇಬ್ಬರಿಂದ ಆಗದಿದ್ದರೆ ಚಕ್ರಕ್ಕೆ ಪೈಪು ಸಿಕ್ಕಿಸುತ್ತಾರೆ. ಅಲ್ಲಿಗೆ ಒಂದು ಕೇಬಲ್ಲಿನ ಖರ್ಚು ಹೋಗಿ ಪೂರ್ತಿ ಸ್ಟೇರಿಂಗ್ ಸೆಟ್ಟಿನ ಖರ್ಚು ಬರುತ್ತದೆ.

ಜಾಮ್ ಆಗುವುದು ಎಲ್ಲಿ, ಅದನ್ನು ಮೊದಲು ತಿಳಿದುಕೊಳ್ಳಿ. ಹಿಂದೆ ನೇತುಹಾಕುವ ಔಟ್‌ಬೋರ್ಡ್ ಎಂಜಿನ್ ಇರುವ ಬೋಟಿನಲ್ಲಿ ಚಕ್ರದಿಂದ ಎಂಜಿನ್ನಿಗೆ ಒಂದು ದಪ್ಪ ಕೇಬಲ್ ಹೋಗಿರುತ್ತದೆ. ಕೇಬಲ್ಲಿನ ತುದಿಯಲ್ಲಿ ಒಂದು ನುಣುಪಾದ ಸ್ಟೀಲ್ ಸಲಾಕೆ. ಎಂಜಿನ್ನನ್ನು ಎತ್ತಿ ಇಳಿಸುವ ಜಾಗದಲ್ಲಿ ಅಡ್ಡಡ್ಡಕ್ಕೆ ಒಂದು ಟ್ಯೂಬ್ ಇರುತ್ತದೆ ನೋಡಿ, ಟಿಲ್ಟ್ ಟ್ಯೂಬ್ ಅಂತಾರೆ, ಅದರೊಳಗೆ ಈ ಸಲಾಕೆ ಹೋಗಿ ಬಂದು ಮಾಡುತ್ತದೆ. ಸಲಾಕೆಯಿಂದ ಎಂಜಿನ್ನಿಗೆ ಒಂದು ಚಿಕ್ಕ ಲಿಂಕ್. ಚಕ್ರ ತಿರುಗಿದರೆ ಸಲಾಕೆ ತಳ್ಳುತ್ತದೆ, ಲಿಂಕ್ ಎಂಜಿನ್ನನ್ನು ತಿರುಗಿಸುತ್ತದೆ.

ಆ ಟ್ಯೂಬಿನೊಳಗಿನ ಗ್ರೀಸ್ ವರ್ಷಗಟ್ಟಲೆ ಹಾಗೇ ಬಿಟ್ಟರೆ ಒಣಗಿ ಗಟ್ಟಿಯಾಗುತ್ತದೆ. ಗ್ರೀಸ್ ಬಿಟ್ಟ ಜಾಗಕ್ಕೆ ನೀರು ಸೇರುತ್ತದೆ. ಕಬ್ಬಿಣ ತುಕ್ಕಾದರೆ ಮೊದಲಿದ್ದ ಗಾತ್ರದ ಎರಡು ಪಟ್ಟಿಗಿಂತ ಜಾಸ್ತಿ ಉಬ್ಬುತ್ತದೆ. ಟ್ಯೂಬಿಗೂ ಸಲಾಕೆಗೂ ನಡುವೆ ಇರುವುದೇ ಕೂದಲೆಳೆ ಜಾಗ. ಅದು ತುಂಬಿಹೋದ ಮೇಲೆ ಎಷ್ಟು ತಳ್ಳಿದರೇನು? ಇನ್ನು ಎಂಜಿನ್ನನ್ನು ಬೋಟಿಗೆ ಹಿಡಿದಿಡುವ ಅಲ್ಯೂಮಿನಿಯಂ ಬ್ರಾಕೆಟ್ಟಿಗೆ ಸ್ಟೇನ್‌ಲೆಸ್ ಬೋಲ್ಟು ಹಾಕಿದ ಕಡೆ ಬೇರೆ ಕಥೆ. ಎರಡು ಬೇರೆ ಲೋಹ ತಾಗಿಕೊಂಡು ನೀರಿನಲ್ಲಿ ನೆಂದರೆ ಬ್ಯಾಟರಿಯೊಳಗೆ ನಡೆಯುವ ಕೆಲಸವೇ ಅಲ್ಲೂ ನಡೆಯುತ್ತದೆ, ಅಲ್ಯೂಮಿನಿಯಂ ಸವೆಯುತ್ತದೆ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಅದೇ. ಉಪ್ಪುನೀರಿನಲ್ಲಿ ಇದು ಜೋರು. ನಮ್ಮದು ಸಿಹಿನೀರು, ನಮಗೇನು ಅನ್ನಬೇಡಿ. ನಮ್ಮಲ್ಲಿ ಓಡುವ ಹಳೇ ಎಂಜಿನ್ನುಗಳಲ್ಲಿ ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ತಂದವೂ ಇವೆ. ಅವು ಬರುವಾಗಲೇ ಉಪ್ಪನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬರುತ್ತವೆ.

ಅಂಥದೇ ಒಂದು ಬೋಟಿನ ವಿಷಯ ಹೇಳಬೇಕು. ಹೇಮಾವತಿ ಹಿನ್ನೀರಿನ ದಡದಲ್ಲಿ, ಶೆಟ್ಟಿಹಳ್ಳಿಯ ಹಳೇ ಇಗರ್ಜಿ ಕಾಣುವಷ್ಟು ಹತ್ತಿರ. ಆ ಯಜಮಾನರು ಮಂಗಳೂರು ಕಡೆಯಿಂದ ಹಳೇ ಫೈಬರ್ ಬೋಟ್ ತಂದಿದ್ದರು. ಒಳ್ಳೇ ಎಂಜಿನ್, ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತಿತ್ತು. ಸ್ಟೇರಿಂಗ್ ಮಾತ್ರ ಕಲ್ಲು. ನಾನು ಹೋಗುವಷ್ಟರಲ್ಲಿ ಊರಿನ ಹುಡುಗರು ಕೈ ಹಚ್ಚಿ ಆಗಿತ್ತು. ಚಕ್ರವನ್ನು ಬಲವಾಗಿ ತಿರುಗಿಸಿ ಅದರ ಹಿಂದಿನ ಗೇರಿನ ಹಲ್ಲು ಮುರಿದಿದ್ದರು. ಅದೂ ಸಾಲದು ಅಂತ ಸಲಾಕೆಯ ತುದಿಗೆ ದೊಡ್ಡ ಸುತ್ತಿಗೆಯಲ್ಲಿ ಹೊಡೆದಿದ್ದರು. ತುದಿ ಚಪ್ಪಟೆಯಾಗಿ ಅಣಬೆ ಹಾಗೆ ಅರಳಿಕೊಂಡಿತ್ತು. ಸಲಾಕೆ ಹೊರಗೆ ಬರಬೇಕಾದ್ದು ಅದೇ ಟ್ಯೂಬಿನ ಮೂಲಕ. ತುದಿಯೇ ಟ್ಯೂಬಿಗಿಂತ ದಪ್ಪ ಆದ ಮೇಲೆ ಬರುವುದು ಹೇಗೆ?

ನಾನು ಮೊದಲು ಮಾಡಿದ್ದು ಲಿಂಕ್ ಬಿಚ್ಚಿದ್ದು. ಇದನ್ನು ನೀವೂ ಮರೆಯಬೇಡಿ. ಲಿಂಕ್ ಬಿಚ್ಚಿ ಎಂಜಿನ್ನನ್ನು ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಬೇಕು. ಸಲೀಸಾಗಿ ತಿರುಗಿದರೆ ಎಂಜಿನ್ ಕಡೆ ತೊಂದರೆ ಇಲ್ಲ, ಜಾಮ್ ಆಗಿರುವುದು ಕೇಬಲ್. ಎಂಜಿನ್ನೇ ತಿರುಗದಿದ್ದರೆ ಅದು ನಿಂತಿರುವ ತಿರುಗಣೆ ಹಿಡಿದಿದೆ. ಎರಡು ನಿಮಿಷದ ಪರೀಕ್ಷೆ. ಇದನ್ನು ಮಾಡದೆ ಎಷ್ಟು ಜನ ಚೆನ್ನಾಗಿರುವ ಭಾಗವನ್ನು ಬಿಚ್ಚಿ ಹಾಳು ಮಾಡಿದ್ದಾರೆ! ಆ ಬೋಟಿನಲ್ಲಿ ಎಂಜಿನ್ ಹಗುರವಾಗಿ ತಿರುಗಿತು. ಹಾಗಾದರೆ ಕೇಬಲ್ಲೇ.

ಟ್ಯೂಬಿನ ಎರಡೂ ಬಾಯಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ಕೇಬಲ್ಲನ್ನು ಟ್ಯೂಬಿಗೆ ಹಿಡಿದಿರುವ ದೊಡ್ಡ ನಟ್ಟಿಗೂ ಬಿಟ್ಟೆ. ಹಳೇ ಬಟ್ಟೆಯನ್ನು ಎಣ್ಣೆಯಲ್ಲಿ ಅದ್ದಿ ಸುತ್ತಿದೆ. ಪ್ಲಾಸ್ಟಿಕ್ ಕಟ್ಟಿದೆ. ಕೈ ಒರೆಸಿಕೊಂಡು ಹೊರಟೆ.

ಯಜಮಾನರಿಗೆ ಸಿಟ್ಟೇ ಬಂತು. "ಏನ್ ಸಾರ್, ಹಾಸನದಿಂದ ಬಂದು ಎಣ್ಣೆ ಬಿಟ್ಟು ಹೋಗ್ತಾ ಇದೀರಲ್ಲ? ಶನಿವಾರ ನೆಂಟರು ಬರ್ತಾರೆ, ಬೋಟ್ ಓಡ್ಬೇಕು." ನಾನು ಹೇಳಿದೆ, ಬೆಳಗ್ಗೆ ಸಂಜೆ ಹೀಗೇ ಎಣ್ಣೆ ಬಿಡ್ತಾ ಇರಿ, ಬಿಡುವಾಗೆಲ್ಲ ಟ್ಯೂಬನ್ನು ಚಿಕ್ಕ ಸುತ್ತಿಗೆಯಲ್ಲಿ ಟಕ್ ಟಕ್ ಅಂತ ತಟ್ಟಿ, ಹೊಡೀಬೇಡಿ, ನಾನು ಮತ್ತೆ ಬರ್ತೀನಿ. ಆ ಸಣ್ಣ ತಟ್ಟುವಿಕೆಗೆ ತುಕ್ಕಿನ ಪದರ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ.

ಕೆಲವು ದಿನ ಕಳೆದು ಹೋದೆ. ಬಟ್ಟೆ ಬಿಚ್ಚಿದರೆ ಟ್ಯೂಬಿನ ಬಾಯಲ್ಲಿ ಎಣ್ಣೆ ಕಾಫಿ ಬಣ್ಣಕ್ಕೆ ತಿರುಗಿತ್ತು. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು, ಒಳಗೆ ಕೆಲಸ ನಡೆದಿದೆ. ಮೊದಲು ನಟ್ಟು. ಬಾಯಿ ಸರಿಯಾಗಿ ಕೂರುವ ಪಾನ ಹಾಕಿ ಮೊದಲು ಬಿಗಿಯುವ ಕಡೆಗೆ ಒಂದು ಚೂರು ತಿರುಗಿಸಿದೆ, ಆಮೇಲೆ ಬಿಚ್ಚುವ ಕಡೆಗೆ. ಹೌದು, ಮೊದಲು ಬಿಗಿಯುವ ಕಡೆಗೆ. ಹಿಡಿತ ಬಿಡುವುದು ಮುಖ್ಯ, ಯಾವ ಕಡೆಗೆ ಬಿಟ್ಟರೂ ಆಯಿತು. ಆಮೇಲೆ ಆ ಅರಳಿದ ತುದಿಯನ್ನು ಅರದಲ್ಲಿ ಉಜ್ಜುತ್ತಾ ಕೂತೆ. ಹುಡುಗರು ಮಾಡಿದ ಒಂದು ನಿಮಿಷದ ಪೆಟ್ಟಿಗೆ ಒಂದು ಹೊತ್ತಿನ ಅರ ಕೆಲಸ. ಮತ್ತೆ ಮತ್ತೆ ಅಳತೆ ನೋಡಿ, ಟ್ಯೂಬಿನೊಳಗೆ ಹೋಗುವಷ್ಟು ಸಣ್ಣ ಮಾಡಿದೆ.

ಅಷ್ಟರಲ್ಲಿ ಪಕ್ಕದ ಒಲೆಯ ಮೇಲೆ ಹಂಡೆ ನೀರು ಕುದಿಯುತ್ತಿತ್ತು. ಪೆಟ್ರೋಲ್ ಟ್ಯಾಂಕನ್ನು ಮೊದಲೇ ದೂರ ಇಡಿಸಿದ್ದೆ. ಟ್ಯೂಬಿನ ಮೇಲೆ ಕುದಿಯುವ ನೀರನ್ನು ಚೊಂಬು ಚೊಂಬಾಗಿ ಸುರಿದೆವು. ಹೊರಗಿನ ಲೋಹ ಮೊದಲು ಕಾದು ಹಿಗ್ಗುತ್ತದೆ. ಟ್ಯೂಬಿನ ಒಳ ಅಳತೆಗಿಂತ ಸ್ವಲ್ಪ ಸಣ್ಣದಾದ ಒಂದು ಸ್ಟೀಲ್ ಸರಳನ್ನು ಲೇತಿನಲ್ಲಿ ಮಾಡಿಸಿ ತಂದಿದ್ದೆ. ಅದನ್ನು ಸಲಾಕೆಯ ತುದಿಗೆ ನೇರವಾಗಿ ಇಟ್ಟು ತಟ್ಟಿದೆ. ಏನೂ ಇಲ್ಲ. ಮತ್ತೆ ನೀರು, ಮತ್ತೆ ಎಣ್ಣೆ, ಮತ್ತೆ ತಟ್ಟಿದೆ. ಆಗ ಸದ್ದು ಬದಲಾಯಿತು. ಗಟ್ಟಿಯಾಗಿ ಟಣ್ ಅನ್ನುತ್ತಿದ್ದದ್ದು ಮಂದವಾಗಿ ದುಬ್ ಅಂದಿತು. ಸಲಾಕೆ ಅಲುಗಿತ್ತು. ಆಮೇಲೆ ಅವಸರ ಮಾಡಲಿಲ್ಲ, ತಟ್ಟುತ್ತಾ ಹೋದಂತೆ ಇನ್ನೊಂದು ಬದಿಯಿಂದ ಕೆಂಪು ರಾಡಿ ಸುರಿಸುತ್ತಾ ಪೂರ್ತಿ ಹೊರಗೆ ಬಂತು. ಟ್ಯೂಬ್ ಉಳಿಯಿತು, ಬ್ರಾಕೆಟ್ ಉಳಿಯಿತು. ಆ ಹುಡುಗರಿಗೆ ಸಲಾಕೆಯನ್ನು ಕೈಯಲ್ಲಿ ಕೊಟ್ಟು ನೋಡಿ ಅಂದೆ. ಅದರ ಮೇಲೆ ತುಕ್ಕು ಹಿಡಿದಿದ್ದದ್ದು ಗೇಣುದ್ದ ಮಾತ್ರ. ಗೇಣುದ್ದದ ತುಕ್ಕಿಗೆ ಅಷ್ಟೊಂದು ಯುದ್ಧ!

ನೆನೆಸಿ, ಬಿಸಿ ಮಾಡಿ, ಬಲ ಕಟ್ಟಕಡೆಗೆ. ಈಗ ಅರ್ಥ ಆಯಿತಲ್ವಾ?

ಎಣ್ಣೆ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ನೀಲಿ ಹಳದಿ ಡಬ್ಬಿಯ ಡಬ್ಲ್ಯೂಡಿ-40 ಎಲ್ಲರ ಮನೆಯಲ್ಲೂ ಇರುತ್ತದೆ. ಅದನ್ನು 1953ರಲ್ಲಿ ಅಮೆರಿಕದಲ್ಲಿ ತಯಾರಿಸಿದ್ದು ಲೋಹದ ಮೇಲಿನ ನೀರನ್ನು ಹೊರದೂಡಲು. ಸಣ್ಣಪುಟ್ಟದಕ್ಕೆ ಆಗುತ್ತದೆ. ಹಳೇ ಜಾಮಿಗೆ ತುಕ್ಕು ಬಿಡಿಸಲೆಂದೇ ಮಾಡಿದ ಎಣ್ಣೆ ತನ್ನಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಆಟೊಮ್ಯಾಟಿಕ್ ಗೇರಿನ ಎಣ್ಣೆಗೆ ಸಮ ಸಮ ಅಸಿಟೋನ್ ಬೆರೆಸಿ ಹಾಕುವ ಮೆಕ್ಯಾನಿಕ್ಕುಗಳೂ ಇದ್ದಾರೆ. ಒಳ್ಳೇದೇ, ಆದರೆ ಅದು ಭಗ್ ಅಂತ ಹೊತ್ತಿಕೊಳ್ಳುತ್ತದೆ. ಎಣ್ಣೆ ಯಾವುದಾದರೂ ಇರಲಿ, ಅದಕ್ಕೆ ಒಳಗಿಳಿಯಲು ಪುರುಸೊತ್ತು ಕೊಡಿ.

ಬಿಸಿಯ ಬಗ್ಗೆ ಒಂದು ಮಾತು ಕಿವಿಗೊಟ್ಟು ಕೇಳಿ. ಕಬ್ಬಿಣ ಕಾದರೆ ಕೆಂಪಾಗುತ್ತದೆ, ಸಾಕು ಅಂತ ನಮಗೆ ಗೊತ್ತಾಗುತ್ತದೆ. ಅಲ್ಯೂಮಿನಿಯಂ ಕೆಂಪಾಗುವುದಿಲ್ಲ. ನೋಡಲು ಹಾಗೇ ಬೆಳ್ಳಗಿರುತ್ತದೆ, 660 ಡಿಗ್ರಿ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಕುಸಿದು ಬೀಳುತ್ತದೆ. ಎಂಜಿನ್ನಿನ ಬ್ರಾಕೆಟ್ ಅಲ್ಯೂಮಿನಿಯಂದು. ಅದರ ಮೇಲೆ ಗ್ಯಾಸ್ ಕಟ್ಟರ್ ಹಿಡಿಯಬೇಡಿ. ಕುದಿಯುವ ನೀರು ಸಾಕು, ಇಲ್ಲದಿದ್ದರೆ ಬಿಸಿಗಾಳಿ ಊದುವ ಹೀಟ್ ಗನ್. ಕಾದಾಗ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಅಲ್ಯೂಮಿನಿಯಂಗೆ ಹಾಕಿದ ಸ್ಟೀಲ್ ಬೋಲ್ಟು ಆಗ ತಾನಾಗಿ ಸಡಿಲವಾಗುತ್ತದೆ.

ಎಂಜಿನ್ನಿನ ತಿರುಗಣೆಯೇ ಹಿಡಿದಿದ್ದರೆ ಅದರ ಗ್ರೀಸ್ ನಿಪ್ಪಲ್, ಅಂದರೆ ಗ್ರೀಸ್ ತುಂಬುವ ಪುಟ್ಟ ಬಾಯಿ, ಬಿಚ್ಚಿ ಒಳಗಿನ ಗಟ್ಟಿ ಗ್ರೀಸನ್ನು ತಂತಿಯಿಂದ ಕೆದಕಿ ತೆಗೆಯಿರಿ. ಎಣ್ಣೆ ಬಿಡಿ, ಬಿಸಿ ಮಾಡಿ, ಎಂಜಿನ್ನನ್ನು ಸ್ವಲ್ಪ ಸ್ವಲ್ಪವೇ ಆಚೀಚೆ ಆಡಿಸಿ. ಆಮೇಲೆ ಹಳೇದು ಹೊರಬರುವ ತನಕ ಹೊಸ ಗ್ರೀಸ್ ಪಂಪ್ ಮಾಡಿ. ಇದರ ಬಗ್ಗೆ ಇನ್ನೂ ಹೇಳಬೇಕಿತ್ತು, ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು.

ಹೊರಗೆ ತೆಗೆದ ಕೇಬಲ್ಲನ್ನು ಉಜ್ಜಿ ಮತ್ತೆ ಹಾಕಬೇಡಿ. ಚೆನ್ನಾಗೇ ಇದೆಯಲ್ಲ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಒಮ್ಮೆ ನೀರು ಕುಡಿದ ಕೇಬಲ್ ಒಳಗೊಳಗೇ ಕೊಳೆಯುತ್ತದೆ. ಬೋಟಿಗೆ ಬ್ರೇಕ್ ಇಲ್ಲ. ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳಿವೆ, ಎದುರಿಗೆ ತೆಪ್ಪದಲ್ಲಿ ಬಲೆ ಬಿಡುವವರು ಇರುತ್ತಾರೆ. ನಡುನೀರಿನಲ್ಲಿ ಸ್ಟೇರಿಂಗ್ ಕೈಕೊಟ್ಟರೆ ನಿಮ್ಮ ಜೊತೆ ಅವರ ಜೀವವೂ ಇದೆ. ಹಳೇ ಕೇಬಲ್ಲಿನ ಉದ್ದ ಅಳೆದು ಅದೇ ಅಳತೆಯ ಹೊಸದು ತನ್ನಿ. ಲಿಂಕಿನ ಲಾಕ್ ನಟ್ಟುಗಳೂ ಹೊಸದೇ ಇರಲಿ, ಒಮ್ಮೆ ಬಿಚ್ಚಿದ್ದು ಮತ್ತೆ ಅಷ್ಟು ಹಿಡಿಯುವುದಿಲ್ಲ.

ಹೊಸ ಕೇಬಲ್ ಹಾಕುವ ಮುಂಚೆ ಟ್ಯೂಬಿನ ಒಳಗನ್ನು ಕೋಲಿಗೆ ಎಮರಿ ಸುತ್ತಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ನೀರಿಗೆ ಕರಗದ ಮರೈನ್ ಗ್ರೀಸ್ ಹಚ್ಚಿ. ಟ್ಯೂಬಿಗೆ ನಿಪ್ಪಲ್ ಇದ್ದರೆ ಸಲಾಕೆಯನ್ನು ಪೂರ್ತಿ ಒಳಗೆ ಎಳೆದುಕೊಂಡು ಆಮೇಲೆ ಪಂಪ್ ಮಾಡಿ. ಸಲಾಕೆ ಹೊರಗಿದ್ದಾಗ ಪಂಪ್ ಮಾಡಿದರೆ ಗ್ರೀಸೇ ಅಡ್ಡವಾಗಿ ಸ್ಟೇರಿಂಗ್ ಹಿಡಿದುಕೊಳ್ಳುತ್ತದೆ. ಮಳೆಗಾಲಕ್ಕೆ ಬೋಟು ಮುಚ್ಚುವಾಗಲೂ ಸಲಾಕೆ ಒಳಗೇ ಇರಲಿ. ತಿಂಗಳಿಗೊಮ್ಮೆ ಟಾರ್ಪಾಲು ಎತ್ತಿ ಚಕ್ರವನ್ನು ಒಂದು ಸಲ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಆಯುಧಪೂಜೆಗೆ ಸ್ಟೇರಿಂಗಿಗೆ ಹಾರ ಹಾಕುತ್ತೀರಿ, ಅದೇ ದಿನ ಗ್ರೀಸೂ ಹಾಕಿ.

ಕೆಲಸ ಮುಗಿದ ಮೇಲೆ ದಡದಲ್ಲೇ ಒಬ್ಬರು ಚಕ್ರ ತಿರುಗಿಸಿ, ಇನ್ನೊಬ್ಬರು ಹಿಂದೆ ನಿಂತು ಎಂಜಿನ್ ನೋಡಿ. ಎಂಜಿನ್ ಎತ್ತಿಯೂ ನೋಡಿ, ಇಳಿಸಿಯೂ ನೋಡಿ. ಕೇಬಲ್ ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಬೋಟನ್ನು ನೀರಿಗೆ ಇಳಿಸಿ.

ನಮಸ್ಕಾರ.